ಹದಿನೇಳನೆಯ ಪೇಷಂಟು

'ಕಿಡ್ನಿ ಡಾಕ್ಟ್ರು' ಅಂತ ಬೋರ್ಡು ಹಾಕಿಕೊಂಡವರು ಈ ಪ್ರಪಂಚದಲ್ಲಿ ಯಾವಾಗಿನಿಂದ ಇದ್ದಾರೆ ಅಂದ್ಕೊಂಡಿದೀರ? ಕಣ್ಣಿಗೆ, ಹಲ್ಲಿಗೆ, ಮುರಿದ ಮೂಳೆಗೆ ಬೇರೆ ಬೇರೆ ವೈದ್ಯರು ನಮ್ಮಜ್ಜನ ಅಜ್ಜನ ಕಾಲಕ್ಕೂ ಇದ್ದರು. ಆದರೆ ನೆಫ್ರಾಲಜಿ ಅನ್ನೋದೊಂದು ಪ್ರತ್ಯೇಕ ಶಾಖೆಯಾಗಿ ಚಾಲ್ತಿಗೆ ಬಂದಿದ್ದು 1960ರ ಆಸುಪಾಸಿನಲ್ಲಿ. ಆ ವರ್ಷ ಫ್ರಾನ್ಸಿನ ಎವಿಯಾನ್ ಎಂಬಲ್ಲಿ ಕಿಡ್ನಿ ವೈದ್ಯರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೀತು, ಅವರದ್ದೇ ಒಂದು ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ಅದರ ಮುಂದಾಳು ಪ್ಯಾರಿಸ್ಸಿನ ಒಬ್ಬ ಡಾಕ್ಟರು, ಅವರ ಅಡ್ಡಹೆಸರು ಹ್ಯಾಂಬರ್ಗರ್ (ನಿಜವಾಗ್ಲೂ! ಫ್ರೆಂಚರು ಉಚ್ಚಾರ ಮಾತ್ರ ಬೇರೆ ಮಾಡ್ತಾರೆ :-) ).

ಹಾಗಾದ್ರೆ ಅದಕ್ಕೂ ಮುಂಚೆ ಒಬ್ಬ ಮನುಷ್ಯನ ಕಿಡ್ನಿ ಇದ್ದಕ್ಕಿದ್ದ ಹಾಗೆ ನಿಂತುಹೋದರೆ ಅವನ ಮನೆಯವರು ಯಾರನ್ನ ಹುಡುಕಿಕೊಂಡು ಹೋಗ್ತಿದ್ದರು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಕಾರಣ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಇತಿಹಾಸ. ಹತ್ತಾರು ರಾತ್ರಿ ಕೂತು ಓದಿದ್ದು, ಪೂರ್ತಿ ಹೇಳದೆ ಬಿಡೋನಲ್ಲ ನಾನು!

ಒಂದು ವಿಷಯ ಮಾತ್ರ ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಕಿಡ್ನಿ ಕೆಡೋದರಲ್ಲಿ ಎರಡು ಬಗೆ. ಸಕ್ಕರೆ ಕಾಯಿಲೆ, ಬಿ.ಪಿ. ಇಂಥವುಗಳಿಂದ ವರ್ಷಗಟ್ಟಲೆ ಸದ್ದಿಲ್ಲದೆ ಸವೆದುಹೋಗೋದು ಒಂದು. ಅದು ವಾಪಸ್ ಬರೋದು ಕಷ್ಟ. ಇನ್ನೊಂದು, ನೆನ್ನೆವರೆಗೂ ಸರಿಯಾಗಿದ್ದ ಕಿಡ್ನಿ ಎರಡೇ ದಿನದಲ್ಲಿ ಕೈಕೊಡೋದು. ವಿಪರೀತ ವಾಂತಿಭೇದಿ, ಹಾವು ಕಡಿತ, ಇಲಿಜ್ವರ, ರಕ್ತಕ್ಕೇರಿದ ಸೋಂಕು, ಹೆರಿಗೆಯಲ್ಲಿ ರಕ್ತಸ್ರಾವ, ಕೆಲವು ನೋವಿನ ಮಾತ್ರೆಗಳು... ಕಾರಣ ನೂರೆಂಟು. ಈ ಎರಡನೆಯದಕ್ಕೆ ಈಗ ಅಕ್ಯೂಟ್ ಕಿಡ್ನಿ ಇಂಜುರಿ ಅಂತಾರೆ. ಇದರ ವಿಚಿತ್ರ ಏನಪ್ಪಾ ಅಂದ್ರೆ, ರೋಗಿಯನ್ನ ಎರಡು ಮೂರು ವಾರ ಹೇಗಾದ್ರೂ ಜೀವಂತ ಇಟ್ಟುಕೊಂಡರೆ ಬಹಳಷ್ಟು ಸಲ ಕಿಡ್ನಿ ತಾನಾಗಿಯೇ ಮತ್ತೆ ಕೆಲಸ ಶುರು ಮಾಡುತ್ತೆ. ಅದರೊಳಗಿನ ಸಣ್ಣ ನಾಳಗಳ ಒಳಪದರದ ಜೀವಕೋಶಗಳು ಸತ್ತರೂ ಉಳಿದವು ಮತ್ತೆ ಬೆಳೆದು ಜಾಗ ತುಂಬ್ತವೆ. ಅಂದರೆ ಇಲ್ಲಿ ಡಾಕ್ಟರು ಕಿಡ್ನಿಯನ್ನ ರಿಪೇರಿ ಮಾಡಬೇಕಾಗಿಲ್ಲ, ಟೈಮ್ ಕೊಡಿಸಬೇಕು ಅಷ್ಟೆ. ಈ ಸರಳ ಸತ್ಯ ಜಗತ್ತಿಗೆ ಖಚಿತವಾಗಿ ಗೊತ್ತಾಗೋಕೆ ಒಂದು ಮಹಾಯುದ್ಧವೇ ಬೇಕಾಯ್ತು.

ಯುದ್ಧ ಅಂದೆನಲ್ಲ, ಲಂಡನ್ನಿಂದ ಶುರು ಮಾಡೋಣ. 1940ರ ಕೊನೆ, 1941ರ ಶುರು. ಜರ್ಮನ್ ವಿಮಾನಗಳು ರಾತ್ರಿಯಿಡೀ ಬಾಂಬ್ ಹಾಕ್ತಿದ್ದವು. ಕುಸಿದ ಮನೆಗಳ ಅಡಿಯಲ್ಲಿ ಗಂಟೆಗಟ್ಟಲೆ ಕಾಲು ಸಿಕ್ಕಿಹಾಕಿಕೊಂಡಿದ್ದವರನ್ನ ಹೊರಗೆ ಎಳೀತಿದ್ದರು. ಜೀವ ಉಳೀತು ಅಂತ ಎಲ್ಲರೂ ನಿಟ್ಟುಸಿರು ಬಿಡ್ತಿದ್ದರು. ಅವರು ಮಾತಾಡೋರು, ಟೀ ಕುಡಿಯೋರು. ಆಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗೋದು, ಕಡಿಮೆಯಾಗೋದು, ನಿಂತೇಹೋಗೋದು. ಒಂದು ವಾರದೊಳಗೆ ಸಾವು. ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರ ಮಾರ್ಚಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ನಾಲ್ಕು ಜನರ ವಿವರ ಬರೆದರು. ನಾಲ್ವರೂ ಸತ್ತಿದ್ದರು. ಜಜ್ಜಿಹೋದ ಮಾಂಸಖಂಡದಿಂದ ಹೊರಬಂದ ಮಯೋಗ್ಲೋಬಿನ್ ಎಂಬ ವಸ್ತು ಕಿಡ್ನಿಯ ನಾಳಗಳನ್ನ ಕಟ್ಟಿಹಾಕುತ್ತೆ ಅನ್ನೋದು ಆಮೇಲೆ ತಿಳೀತು. ಇದು ಅವರೇ ಮೊದಲು ಕಂಡಿದ್ದೇನಲ್ಲ. 1908ರ ಇಟಲಿಯ ಮೆಸ್ಸಿನಾ ಭೂಕಂಪದಲ್ಲೂ, ಮೊದಲ ಮಹಾಯುದ್ಧದಲ್ಲೂ ವೈದ್ಯರು ನೋಡಿದ್ದರು, ಬರೆದಿದ್ದರು. ಬರೆದದ್ದು ಮರೆತುಹೋಗಿತ್ತು. (ನಮ್ಮ ಕಂಪನಿಯ ಡಾಕ್ಯುಮೆಂಟೇಶನ್ ಕಥೆಯೂ ಇದೇ!) ಸಂತ್ರಸ್ತರನ್ನ ಅವಶೇಷದ ಅಡಿಯಿಂದ ಬಿಡಿಸೋ ಹೊತ್ತಿಗೇ ದ್ರವ ಕೊಡೋಕೆ ಶುರು ಮಾಡಬೇಕು ಅನ್ನೋ ಪಾಠ ಇಲ್ಲಿಂದ ಬಂತು. ಆದರೆ ಕಿಡ್ನಿ ನಿಂತೇಹೋದ ಮೇಲೆ ಏನು ಮಾಡೋದು? ಲಂಡನ್ನಿನಂಥ ಲಂಡನ್ನಿನಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

ಉತ್ತರ ತಯಾರಾಗ್ತಾ ಇದ್ದದ್ದು ಸಮುದ್ರದ ಆಚೆ, ಜರ್ಮನರು ಆಕ್ರಮಿಸಿಕೊಂಡಿದ್ದ ಹಾಲೆಂಡಿನಲ್ಲಿ. ಅದೂ ಆಮ್‌ಸ್ಟರ್ಡ್ಯಾಮಿನಂಥ ದೊಡ್ಡ ಊರಲ್ಲಲ್ಲ, ಐಸೆಲ್ ನದಿಯ ದಂಡೆಯಲ್ಲಿರೋ ಕಾಂಪೆನ್ ಅನ್ನೋ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ. ನಮ್ಮ ಲೆಕ್ಕದಲ್ಲಿ ಒಂದು ತಾಲೂಕು ಕೇಂದ್ರ ಅಂದ್ಕೊಳ್ಳಿ.

ವಿಲೆಮ್ ಕೋಲ್ಫ್ ಹುಟ್ಟಿದ್ದು 1911ರಲ್ಲಿ. ಡಾಕ್ಟರಾಗಿ ಮೊದಲು ಕೆಲಸ ಮಾಡಿದ್ದು ಗ್ರೋನಿಂಗೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ಅಲ್ಲಿ 1938ರಲ್ಲಿ, ಅವನಿಗೆ ಒಪ್ಪಿಸಿದ್ದ ರೋಗಿಗಳಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗ ಕಿಡ್ನಿ ಕೆಟ್ಟು, ಕಣ್ಣು ಕಾಣದೆ, ವಾಂತಿ ಮಾಡ್ತಾ ಮಾಡ್ತಾ ತೀರಿಕೊಂಡ. ಹುಡುಗನ ತಾಯಿಗೆ ಸುದ್ದಿ ಹೇಳಬೇಕಾದವನು ಕೋಲ್ಫ್. ಅವನ ದೇಹದಲ್ಲಿ ದಿನಾ ಹುಟ್ಟೋ ಯೂರಿಯಾದಲ್ಲಿ ಇಪ್ಪತ್ತು ಗ್ರಾಮಿನಷ್ಟನ್ನ ಹೇಗಾದರೂ ತೆಗೆದಿದ್ದರೆ ಬದುಕಿರ್ತಿದ್ದನಲ್ಲ ಅಂತ ಕೋಲ್ಫ್ ಲೆಕ್ಕ ಹಾಕಿದ. ಈ ಜಾಗದಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ನಾನು. ಎಷ್ಟು ಜನ ಡಾಕ್ಟರು ಇಂಥ ಸಾವು ನೋಡಿಲ್ಲ? ಇವನಿಗೆ ಮಾತ್ರ ಅದು ಗ್ರಾಮಿನ ಲೆಕ್ಕವಾಗಿ ಕಾಣಿಸ್ತು. ಎಂಜಿನಿಯರ್ ಬುದ್ಧಿ ಅಂದ್ರೆ ಇದು.

ಐಡಿಯಾ ಪೂರ್ತಿ ಹೊಸದಲ್ಲ. 1913ರಲ್ಲಿ ಅಮೆರಿಕದ ಜಾನ್ ಜೇಕಬ್ ಏಬೆಲ್ ಮತ್ತವರ ಜೊತೆಗಾರರು ನಾಯಿಗಳ ರಕ್ತವನ್ನ ತೆಳುವಾದ ಕೊಳವೆಗಳಲ್ಲಿ ಹರಿಸಿ ಸೋಸಿದ್ದರು. ರಕ್ತ ಹೆಪ್ಪುಗಟ್ಟದೆ ಇರಲಿ ಅಂತ ಜಿಗಣೆಗಳಿಂದ ತೆಗೆದ ಹಿರುಡಿನ್ ಬಳಸಿದ್ದರು! 1924ರಲ್ಲಿ ಜರ್ಮನಿಯ ಗೀಸನ್ ಊರಿನ ಗೇಯಾರ್ಗ್ ಹಾಸ್ ಮನುಷ್ಯನ ಮೇಲೇ ಮಾಡಿ ನೋಡಿದ್ದರು, ಅದೂ ಹದಿನೈದೇ ನಿಮಿಷ. ಆಮೇಲೆ ಕೈಬಿಟ್ಟರು. ಕೋಲ್ಫ್‌ಗೆ ಹೊಸದಾಗಿ ಸಿಕ್ಕಿದ್ದು ಎರಡು. ಒಂದು, ರಕ್ತ ಹೆಪ್ಪುಗಟ್ಟದಂತೆ ತಡೆಯೋ ಹೆಪಾರಿನ್. ಎರಡನೆಯದು ಸೆಲೊಫೇನ್. ಅಲ್ಲಿ ಸಾಸೇಜ್ ಅಂತ ಮಾಂಸದ ತಿಂಡಿ ಇರುತ್ತಲ್ಲ, ಅದನ್ನ ತುಂಬೋಕೆ ಬಳಸ್ತಿದ್ದ ಕೊಳವೆಯಂಥ ಸೆಲೊಫೇನ್. ಅದರೊಳಗೆ ಸ್ವಲ್ಪ ರಕ್ತ ಹಾಕಿ, ಯೂರಿಯಾ ಬೆರೆಸಿ, ಎರಡೂ ಕಡೆ ಕಟ್ಟಿ, ಉಪ್ಪುನೀರಿನಲ್ಲಿ ಅಲ್ಲಾಡಿಸಿದ. ಯೂರಿಯಾ ನೀರಿಗೆ ಇಳಿದುಹೋಯ್ತು, ರಕ್ತಕಣಗಳು ಒಳಗೇ ಉಳಿದವು. ಇಷ್ಟೇ ಡಯಾಲಿಸಿಸ್! ಇವತ್ತಿನ ಲಕ್ಷಾಂತರ ರೂಪಾಯಿಯ ಯಂತ್ರದ ಹೊಟ್ಟೆಯೊಳಗೂ ನಡೆಯೋದು ಇದೇ.

1940ರ ಮೇ ತಿಂಗಳಲ್ಲಿ ಜರ್ಮನರು ಹಾಲೆಂಡಿಗೆ ನುಗ್ಗಿದರು. ಕೋಲ್ಫ್‌ನ ಪ್ರೊಫೆಸರು ಪೋಲಾಕ್ ಡೇನಿಯಲ್ಸ್ ಯಹೂದಿ. ಅವರು ಮತ್ತು ಅವರ ಹೆಂಡತಿ ಆತ್ಮಹತ್ಯೆ ಮಾಡಿಕೊಂಡರು. ಅವರ ಜಾಗಕ್ಕೆ ನಾಜಿ ಪಕ್ಷಪಾತಿಯೊಬ್ಬ ಬಂದ. ಇವನ ಕೈಕೆಳಗೆ ದುಡಿಯಲಾರೆ ಅಂತ ಕೋಲ್ಫ್ ವಿಶ್ವವಿದ್ಯಾಲಯ ಬಿಟ್ಟು 1941ರಲ್ಲಿ ಕಾಂಪೆನ್‌ಗೆ ಬಂದ. ಲ್ಯಾಬ್ ಇಲ್ಲ, ಸಂಶೋಧನೆಗೆ ದುಡ್ಡಿಲ್ಲ, ಜೊತೆಗೆ ಯುದ್ಧಕಾಲ. ನಮ್ಮಲ್ಲಾದರೆ 'ಪಾಪ, ಕೆರಿಯರ್ ಹಾಳಾಯ್ತು' ಅಂತಿದ್ದರು. ನನಗನ್ನಿಸೋದು, ಸಣ್ಣ ಊರಿಗೆ ಬಂದದ್ದರಿಂದಲೇ ಆ ಯಂತ್ರ ಆಯ್ತು. ಯಾಕಂದ್ರೆ ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಊರಿನಲ್ಲೊಂದು ಎನಾಮಲ್ ಪಾತ್ರೆ ಕಾರ್ಖಾನೆ ಇತ್ತು. ಅದರ ಮುಖ್ಯಸ್ಥ ಹೆಂಡ್ರಿಕ್ ಬೆರ್ಕ್ ದೊಡ್ಡ ತೊಟ್ಟಿ ಮಾಡಿಸಿಕೊಟ್ಟ. ಅದರಲ್ಲಿ ಉಪ್ಪುನೀರು. ತೊಟ್ಟಿಯಲ್ಲಿ ಅರ್ಧ ಮುಳುಗಿ ತಿರುಗೋ ಮರದ ಪಟ್ಟಿಗಳ ಉರುಳೆ. ಉರುಳೆಗೆ ಸುತ್ತಿದ ಹತ್ತಾರು ಮೀಟರ್ ಸೆಲೊಫೇನ್ ಕೊಳವೆ. ಉರುಳೆ ತಿರುಗಿದಂತೆ ರಕ್ತ ತನ್ನ ಭಾರಕ್ಕೆ ಸುರುಳಿಯ ತಳದಲ್ಲೇ ನಿಂತುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತೆ, ಆರ್ಕಿಮಿಡೀಸ್ ತಿರುಪಿನ ತರ. ಸುರುಳಿಯಲ್ಲಿ ರಕ್ತ ತಳ್ಳೋಕೆ ಬೇರೆ ಪಂಪೇ ಬೇಡ!

ಒಂದು ತೊಡಕಿತ್ತು. ರೋಗಿಯ ಕೈಯಿಂದ ಬರೋ ನಳಿಕೆ ತಿರುಗೋದಿಲ್ಲ, ಉರುಳೆ ತಿರುಗುತ್ತೆ. ಎರಡನ್ನೂ ಸೋರದ ಹಾಗೆ ಜೋಡಿಸೋದು ಹೇಗೆ? ಕೋಲ್ಫ್ ಊರಿನ ಫೋರ್ಡ್ ಕಾರಿನ ಡೀಲರ್ ಹತ್ರ ಹೋದ. ಕಾರಿನ ವಾಟರ್ ಪಂಪಿನಲ್ಲಿರೋ ಸೀಲು ನೋಡಿ ಅದೇ ಉಪಾಯವನ್ನ ತನ್ನ ಯಂತ್ರಕ್ಕೆ ಅಳವಡಿಸಿಕೊಂಡ. ಡಯಾಲಿಸಿಸ್ಸಿನ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಇದು. ಒಬ್ಬ ಫಿಸಿಶಿಯನ್ನು, ಒಬ್ಬ ಪಾತ್ರೆ ಕಾರ್ಖಾನೆಯವನು, ಒಬ್ಬ ಕಾರು ಮಾರೋನು. ಸೂಪರ್ ಸ್ಪೆಷಾಲಿಟಿ ಅಂದ್ರೆ ಇವರೇ ಅಲ್ವಾ?

1943ರ ಮಾರ್ಚ್ 17ರಂದು ಮೊದಲ ರೋಗಿ. ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು, ಕಿಡ್ನಿಗಳು ದೀರ್ಘಕಾಲದಿಂದ ಕೆಟ್ಟಿದ್ದವು. ಹನ್ನೆರಡು ಸಲ ಡಯಾಲಿಸಿಸ್ ಮಾಡಿದರು. ಪ್ರತಿ ಸಲವೂ ಒಂದು ರಕ್ತನಾಳ ಕೊಯ್ದು ನಳಿಕೆ ಹಾಕಬೇಕಿತ್ತು. ಕೊನೆಗೆ ಕೊಯ್ಯೋಕೆ ನಾಳಗಳೇ ಉಳೀಲಿಲ್ಲ, ಆಕೆಯೂ ಉಳೀಲಿಲ್ಲ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮೊದಲ ಹದಿನಾರು ರೋಗಿಗಳಲ್ಲಿ ಹದಿನೈದು ಜನ ಸತ್ತರು. ಬದುಕಿದ ಒಬ್ಬನೂ ಯಂತ್ರದಿಂದಲೇ ಬದುಕಿದ ಅಂತ ಹೇಳೋ ಹಾಗಿರಲಿಲ್ಲ.

ಇದನ್ನ ಇವತ್ತು ಓದುವಾಗ ಮನಸ್ಸಿಗೆ ಕಸಿವಿಸಿ ಆಗುತ್ತೆ. ಹದಿನೈದು ಸಾವು! ಇವತ್ತಿನ ಎಥಿಕ್ಸ್ ಕಮಿಟಿ ಮೂರನೆಯದಕ್ಕೇ ಬಾಗಿಲು ಹಾಕಿಸ್ತಿತ್ತೇನೋ. ಕೋಲ್ಫ್ ಪರವಾಗಿ ಹೇಳಬಹುದಾದದ್ದು ಇಷ್ಟು. ಅವನ ಬಳಿ ಬಂದಿದ್ದವರು ಬೇರೆ ದಾರಿಯೇ ಇಲ್ಲದೆ ಕೊನೆಯ ಹಂತ ಮುಟ್ಟಿದ್ದವರು. ಡಯಾಲಿಸಿಸ್ ಆದಮೇಲೆ ಕೆಲವರಿಗೆ ಪ್ರಜ್ಞೆ ಮರಳ್ತಿತ್ತು, ಮನೆಯವರ ಜೊತೆ ಮಾತಾಡ್ತಿದ್ದರು. ಯಂತ್ರ ತನ್ನ ಕೆಲಸ ಮಾಡ್ತಾ ಇತ್ತು. ಆದರೆ ಅವರಲ್ಲಿ ಹೆಚ್ಚಿನವರ ಕಿಡ್ನಿ ವಾಪಸ್ ಬರೋ ಜಾತಿಯದ್ದಾಗಿರಲಿಲ್ಲ. ಯಂತ್ರ ಕೊಡಿಸಿದ ಟೈಮನ್ನ ಉಪಯೋಗಿಸಿಕೊಳ್ಳೋಕೆ ಒಳಗೆ ಏನೂ ಉಳಿದಿರಲಿಲ್ಲ.

1945ರ ಸೆಪ್ಟೆಂಬರ್ 11. ಯುದ್ಧ ಮುಗಿದಿತ್ತು. ಹದಿನೇಳನೆಯ ಪೇಷಂಟು ಸೋಫಿಯಾ ಶಾಫ್‌ಸ್ಟಾಟ್, ವಯಸ್ಸು 67. ಯುದ್ಧಕಾಲದಲ್ಲಿ ನಾಜಿಗಳ ಪರ ನಿಂತಿದ್ದಕ್ಕೆ ಬಂಧನದಲ್ಲಿದ್ದ ಮುದುಕಿ. ಪಿತ್ತಕೋಶದ ಸೋಂಕಿನ ಜೊತೆಗೆ ಕಿಡ್ನಿ ಇದ್ದಕ್ಕಿದ್ದಂತೆ ನಿಂತುಹೋಗಿ ಪ್ರಜ್ಞೆ ತಪ್ಪಿತ್ತು. ಆಕೆ ಸತ್ತರೆ ಸಾಕು ಅನ್ನೋರೇ ಊರಲ್ಲಿ ಬಹಳ ಜನ ಇದ್ದರಂತೆ. ಐದು ವರ್ಷ ನಾಜಿಗಳ ಕೆಳಗೆ ನರಳಿದ ಊರು ಅದು, ಅವರನ್ನೂ ಬೈಯೋ ಹಾಗಿಲ್ಲ. ಕೋಲ್ಫ್ ಮಾತ್ರ ಆಕೆಗೆ ಹನ್ನೊಂದು ಗಂಟೆಗೂ ಹೆಚ್ಚು ಹೊತ್ತು ಡಯಾಲಿಸಿಸ್ ಮಾಡಿದ. ಆಕೆ ಕಣ್ಣುಬಿಟ್ಟರು. ಎಚ್ಚರಾದ ಮೇಲೆ ಆಡಿದ ಮೊದಲ ಮಾತೇ ಗಂಡನಿಗೆ ಡೈವೋರ್ಸ್ ಕೊಡ್ತೀನಿ ಅನ್ನೋದು ಅಂತ ಒಂದು ಕಥೆ ಇದೆ, ಕೋಲ್ಫ್ ಇದನ್ನ ಖುಷಿಯಿಂದ ಹೇಳ್ತಿದ್ದನಂತೆ :-) ಕೆಲವು ದಿನಗಳಲ್ಲಿ ಮೂತ್ರ ಬರೋಕೆ ಶುರುವಾಯ್ತು. ಆಮೇಲೆ ಆಕೆಗೆ ಯಂತ್ರ ಬೇಕಾಗಲಿಲ್ಲ. ಇನ್ನೂ ಹಲವು ವರ್ಷ ಬದುಕಿ, ಬೇರೆ ಯಾವುದೋ ಕಾರಣಕ್ಕೆ ತೀರಿಕೊಂಡರು.

ಹದಿನಾರಕ್ಕೂ ಹದಿನೇಳಕ್ಕೂ ನಡುವೆ ಯಂತ್ರ ಅಂಥಾ ಬದಲಾಗಿರಲಿಲ್ಲ, ಗಮನಿಸಿ. ಬದಲಾಗಿದ್ದು ರೋಗ. ಇದು ಅಕ್ಯೂಟ್. ಇದನ್ನೇ ನಾನು ಶುರುವಿನಲ್ಲಿ ಹೇಳಿದ್ದು, ಟೈಮ್ ಕೊಡಿಸಿದರೆ ಸಾಕು.

ಕೋಲ್ಫ್ ಯುದ್ಧಕಾಲದಲ್ಲೇ ಇನ್ನಷ್ಟು ಯಂತ್ರ ಕಟ್ಟಿಸಿ ಬೇರೆ ಬೇರೆ ಕಡೆ ಬಚ್ಚಿಟ್ಟಿದ್ದ, ಒಂದು ಕಡೆ ಬಾಂಬ್ ಬಿದ್ದರೆ ಇನ್ನೊಂದಾದರೂ ಉಳೀಲಿ ಅಂತ. (ಬ್ಯಾಕಪ್ ಅಂದ್ರೆ ಇದು ಕಣ್ರೀ!) ಯುದ್ಧ ಮುಗಿದಮೇಲೆ ಅವನ್ನ ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್‌ಗೆ ಬಿಟ್ಟಿಯಾಗಿ ಕೊಟ್ಟುಬಿಟ್ಟ. 1950ರಲ್ಲಿ ಅಮೆರಿಕಕ್ಕೆ ಹೋದ, ಕೃತಕ ಹೃದಯದ ಕೆಲಸದಲ್ಲೂ ಮುಂದಾಳಾದ, 2002ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, 2009ರಲ್ಲಿ ತೀರಿಕೊಂಡ. ಆ ದೊಡ್ಡಸ್ತಿಕೆಯ ಕಥೆ ಬೇಕಾದಷ್ಟು ಕಡೆ ಸಿಗುತ್ತೆ, ನನಗೆ ಬೇಕಾಗಿದ್ದು ಕಾಂಪೆನ್ ವರ್ಷಗಳು ಮಾತ್ರ.

ಲಂಡನ್ನಿಗೆ ಹೋದ ಯಂತ್ರದ ಗತಿ ತಮಾಷೆಯಾಗಿದೆ. ಬೈವಾಟರ್ಸ್ ಇದ್ದ ಅದೇ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಅದು ಬಂತು, ಸ್ವಲ್ಪ ಕಾಲ ಬಳಸಿದರು, ಆಮೇಲೆ ಮೂಲೆಗೆ ಸರಿಸಿದರು. ಅದರ ಬದಲು 1949ರಲ್ಲಿ ಗ್ರಹಾಂ ಬುಲ್ ಮತ್ತು ಜೊತೆಗಾರರು ಒಂದು ಪಥ್ಯ ಪ್ರಕಟಿಸಿದರು. ಕಿಡ್ನಿ ನಿಂತವನಿಗೆ ಪ್ರೋಟೀನ್ ಪೂರ್ತಿ ಬಂದ್, ನೀರು ಅಳತೆ ಮಾಡಿ ಇಷ್ಟೇ ಇಷ್ಟು, ಗ್ಲೂಕೋಸನ್ನೂ ಕಡಲೆಕಾಯಿ ಎಣ್ಣೆಯನ್ನೂ ಕಲಸಿ ಮೂಗಿನ ನಳಿಕೆಯಲ್ಲಿ ಹೊಟ್ಟೆಗೆ ಬಿಡೋದು. ಓದಿದರೇ ವಾಕರಿಕೆ ಬರುತ್ತೆ, ಆದರೆ ಇದರಿಂದಲೂ ಜನ ಬದುಕಿದರು! ಯಾಕಂದ್ರೆ ಅದಕ್ಕೂ ಮುಂಚೆ ಮೂತ್ರ ನಿಂತವನಿಗೆ 'ಕಿಡ್ನಿ ತೊಳೆದುಹೋಗಲಿ' ಅಂತ ಬಾಟಲಿಗಟ್ಟಲೆ ದ್ರವ ಏರಿಸಿ, ಅದು ಶ್ವಾಸಕೋಶದಲ್ಲಿ ತುಂಬಿಕೊಂಡು ಸಾಯೋದೇ ಹೆಚ್ಚಿತ್ತು. ಇಲ್ಲಿ ಯಂತ್ರ ಇಲ್ಲ, ಇರೋದು ಒಂದು ಅಳತೆಯ ಜಾಡಿ ಮತ್ತು ಒಂದು ಪಟ್ಟಿ. ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು. ಯಂತ್ರದಷ್ಟೇ ದೊಡ್ಡ ಸಂಶೋಧನೆ ಇದು ಅಂತ ನಾನು ವಾದ ಮಾಡ್ತೀನಿ.

ಯಂತ್ರಕ್ಕೆ ಮರುಜೀವ ಕೊಟ್ಟಿದ್ದು ಇನ್ನೊಂದು ಯುದ್ಧ. ಬಾಸ್ಟನ್ನಿನಲ್ಲಿ ಸುಧಾರಿಸಿ ಸ್ಟೀಲಿನಲ್ಲಿ ಕಟ್ಟಿದ ಕೋಲ್ಫ್-ಬ್ರಿಗಂ ಯಂತ್ರವನ್ನ 1952ರಲ್ಲಿ ಅಮೆರಿಕದ ಸೈನ್ಯ ಕೊರಿಯಾದ ವೊಂಜು ಎಂಬಲ್ಲಿನ ಯುದ್ಧ ಆಸ್ಪತ್ರೆಗೆ ತಂದಿಳಿಸಿತು. ಗಾಯಾಳುಗಳನ್ನ ಹೆಲಿಕಾಪ್ಟರಿನಲ್ಲಿ ಅಲ್ಲಿಗೆ ಹೊತ್ತು ತರ್ತಿದ್ದರು. ಪಾಲ್ ಟೆಶನ್ ಮತ್ತು ಜೊತೆಗಾರರ ಲೆಕ್ಕದಿಂದ ತಿಳಿಯೋದು: ಗಾಯದಿಂದ ಕಿಡ್ನಿ ನಿಂತ ಸೈನಿಕರಲ್ಲಿ ಮುಂಚೆ ಶೇಕಡಾ 90ರ ಆಸುಪಾಸು ಸಾಯ್ತಿದ್ದರು, ಅಲ್ಲಿ ಅದು ಶೇಕಡಾ 53ಕ್ಕೆ ಇಳೀತು. ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಮುಂದಿನ ಅಂಕಿ. ಕೊರಿಯಾದಲ್ಲಿ ತೀವ್ರವಾಗಿ ಗಾಯಗೊಂಡ 200 ಜನರಲ್ಲಿ ಒಬ್ಬರಿಗೆ ಕಿಡ್ನಿ ಕೈಕೊಡ್ತಿತ್ತು, ವಿಯೆಟ್ನಾಂ ಯುದ್ಧದ ಹೊತ್ತಿಗೆ ಅದು 600ರಲ್ಲಿ ಒಬ್ಬರಿಗೆ ಬಂತು. ಇದು ಡಯಾಲಿಸಿಸ್ಸಿನ ಮಹಿಮೆ ಅಲ್ಲ. ಗಾಯವಾದ ಜಾಗಕ್ಕೂ ಮೊದಲ ಡಾಕ್ಟರಿಗೂ ನಡುವಿನ ಹೊತ್ತು ಕಡಿಮೆ ಆಯ್ತು, ರಕ್ತ, ದ್ರವ ಬೇಗ ಸಿಕ್ಕಿತು, ಕಿಡ್ನಿ ಕೆಡೋದೇ ತಪ್ಪಿತು.

ಇದೇ ಪಾಠವನ್ನ ಭೂಕಂಪಗಳು ಮತ್ತೆ ಹೇಳಿಕೊಟ್ಟವು. 1988ರ ಡಿಸೆಂಬರಿನಲ್ಲಿ ಅರ್ಮೇನಿಯಾದಲ್ಲಿ ಜಜ್ಜಿಹೋದ ನೂರಾರು ಜನಕ್ಕೆ ಡಯಾಲಿಸಿಸ್ ಬೇಕಾಯ್ತು. ಹೊರದೇಶಗಳಿಂದ ಯಂತ್ರಗಳೇನೋ ಬಂದವು, ಆದರೆ ಯಾರು, ಎಲ್ಲಿ, ಹೇಗೆ ನಡೆಸಬೇಕು ಅನ್ನೋದೇ ಗೊಂದಲ. ಎವಿಯಾನ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘ ಆಮೇಲೆ ಇಂಥ ಹೊತ್ತಿಗೆಂದೇ ಒಂದು ಪಡೆ ಕಟ್ಟಿತು. 1999ರ ಆಗಸ್ಟಿನಲ್ಲಿ ಟರ್ಕಿಯ ಮರ್ಮರಾ ಭೂಕಂಪದಲ್ಲಿ 639 ಜನಕ್ಕೆ ಕಿಡ್ನಿ ತೊಂದರೆ ಆಯ್ತು, 477 ಜನಕ್ಕೆ ಡಯಾಲಿಸಿಸ್ ಬೇಕಾಯ್ತು. ಆ 639ರಲ್ಲಿ ಸತ್ತವರು ಶೇಕಡಾ 15ರಷ್ಟು ಮಾತ್ರ. ಬೈವಾಟರ್ಸ್‌ನ ನಾಲ್ಕಕ್ಕೆ ನಾಲ್ಕು ಸಾವನ್ನ ನೆನಪಿಸಿಕೊಂಡರೆ ಎಷ್ಟು ದೂರ ಬಂದಿದ್ದೀವಿ ನೋಡಿ.

ಈಗ ನಮ್ಮ ಕಡೆಗೆ. ಭಾರತದಲ್ಲಿ ಈ ವಿಷಯವನ್ನ ಹಟ ಹಿಡಿದು ಅಭ್ಯಾಸ ಮಾಡಿದವರಲ್ಲಿ ಮೊದಲ ಹೆಸರು ಚಂಡೀಗಢದ ಪಿ.ಜಿ.ಐ.ನ ಡಾ. ಕೆ. ಎಸ್. ಚುಗ್. ಪಾಶ್ಚಾತ್ಯ ಪುಸ್ತಕಗಳಲ್ಲಿ ಇಲ್ಲದ ಕಾರಣಗಳನ್ನ, ಅಂದರೆ ಹಾವು, ವಾಂತಿಭೇದಿ, ಮಲೇರಿಯಾ, ಮೈಲುತುತ್ತ ಕುಡಿದವರು, ಹೀಗೆ ಪಟ್ಟಿ ಮಾಡಿ ದಾಖಲಿಸಿದವರು ಅವರು ಮತ್ತು ಅವರ ಜೊತೆಗಾರರು. ಅವರ ಲೆಕ್ಕದಲ್ಲಿ ಒಂದು ಸಾಲು ಮನಸ್ಸಿಗೆ ನಾಟುತ್ತೆ: ಬಸಿರು, ಗರ್ಭಪಾತ, ಹೆರಿಗೆಗೆ ಸಂಬಂಧಿಸಿ ಕಿಡ್ನಿ ನಿಂತು ಬರ್ತಿದ್ದ ಹೆಂಗಸರ ಪಾಲು 1980ರ ದಶಕದ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಗರ್ಭಪಾತವನ್ನ ಕಾನೂನುಬದ್ಧ ಮಾಡಿದ 1971ರ ಕಾಯ್ದೆಯಿಂದ, ಕಳ್ಳತನದಲ್ಲಿ ಕಡ್ಡಿ ಹಾಕಿಸಿಕೊಂಡು ನಂಜಾಗಿ ಬರ್ತಿದ್ದವರು ಕಡಿಮೆಯಾದದ್ದು ಅದಕ್ಕೊಂದು ದೊಡ್ಡ ಕಾರಣ. ಒಂದು ಕಾಯ್ದೆಯೂ ಕಿಡ್ನಿ ಉಳಿಸುತ್ತೆ ಅಂತ ನಾವು ಯೋಚಿಸೋದೇ ಇಲ್ಲ.

ಯಂತ್ರಗಳಿಲ್ಲದ ಊರುಗಳಲ್ಲಿ ನಮ್ಮ ಡಾಕ್ಟರುಗಳು ಆಗ ಮಾಡ್ತಿದ್ದದ್ದು ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಯೊಳಗಿನ ತೆಳು ಪದರವೇ ಜರಡಿ. ಒಂದು ನಳಿಕೆ ಚುಚ್ಚಿ ಬಾಟಲಿಯಿಂದ ದ್ರವ ಬಿಡೋದು, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಸಿಯೋದು, ಮತ್ತೆ ಬಿಡೋದು. ಜರ್ಮನಿಯ ಗ್ಯಾಂಟರ್ 1923ರಲ್ಲೇ ಮಾಡಿ ನೋಡಿದ್ದ, 1959ರಲ್ಲಿ ಅಮೆರಿಕದ ಮ್ಯಾಕ್ಸ್‌ವೆಲ್ ಇದನ್ನ ಯಾವ ವಾರ್ಡಿನಲ್ಲಾದರೂ ಮಾಡಬಹುದಾದಷ್ಟು ಸರಳ ಮಾಡಿದ. ಕರೆಂಟ್ ಬೇಡ, ಶುದ್ಧನೀರಿನ ಪ್ಲಾಂಟ್ ಬೇಡ, ರಾತ್ರಿಯಿಡೀ ಬಾಟಲಿ ಬದಲಿಸೋ ಒಬ್ಬ ನರ್ಸಮ್ಮ ಬೇಕು. ಬಡ ದೇಶಗಳಲ್ಲಿ ಮಕ್ಕಳನ್ನ ಉಳಿಸೋಕೆ ಇದನ್ನೇ ಮತ್ತೆ ಕಲಿಸೋ ಯೋಜನೆ 2012ರಲ್ಲಿ ಶುರುವಾಗಿದೆ.

ನಮ್ಮ ಮನೆಯ ಸಂಗತಿ ಹೇಳ್ತೀನಿ ಅಂದಿದ್ದೆ. ನಮ್ಮದು ಮಲೆನಾಡು, ಅಡಿಕೆ ತೋಟ. ಮೂರು ವರ್ಷದ ಹಿಂದೆ ಮಳೆಗಾಲ ಮುಗಿಯೋ ಹೊತ್ತಿಗೆ ಚಿಕ್ಕಪ್ಪನಿಗೆ ಕೊಳಕುಮಂಡಲ ಕಡೀತು. ಈ ಹಾವಿನ ವಿಷ ರಕ್ತ ಹೆಪ್ಪುಗಟ್ಟೋದನ್ನ ಕೆಡಿಸುತ್ತೆ, ಅದರ ಹಿಂದೆಯೇ ಕಿಡ್ನಿಗೆ ಬರುತ್ತೆ. ತಾಲೂಕು ಆಸ್ಪತ್ರೆಯಲ್ಲಿ ಇದ್ದವಳು ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಒಂದು ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಿದರು. ರಕ್ತ ನೀರಿನ ಹಾಗೆ ಹರೀತು. ತಕ್ಷಣ ವಿಷಕ್ಕೆ ಇಂಜೆಕ್ಷನ್ ಶುರು. ಚಿಕ್ಕಮ್ಮನ ಕೈಗೆ ಒಂದು ಪ್ಲಾಸ್ಟಿಕ್ ಜಗ್ಗು ಕೊಟ್ಟು, "ಅಮ್ಮ, ಇವರು ಮೂತ್ರ ಮಾಡಿದಾಗೆಲ್ಲ ಇದರಲ್ಲಿ ಹಿಡೀರಿ, ಗೋಡೆ ಮೇಲಿನ ಚೀಟಿಯಲ್ಲಿ ಬರೀರಿ" ಅಂದರು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಚೀಟಿಯಲ್ಲಿ ಇದ್ದದ್ದು ಎಲ್ಲಾ ಸೇರಿ ಒಂದು ಲೋಟದಷ್ಟೂ ಇಲ್ಲ. ಚಿಕ್ಕಪ್ಪ ಎದ್ದು ಕೂತು ಮಾತಾಡ್ತಾನೇ ಇದ್ದರು, ನೋವೂ ಕಡಿಮೆ ಆಗಿತ್ತು, ಮನೆಗೆ ಹೋಗೋಣ ಅಂತಿದ್ದರು. ಚೀಟಿ ಇಲ್ಲದಿದ್ದರೆ ಮನೆಗೇ ಕರ್ಕೊಂಡು ಬರ್ತಿದ್ದರೇನೋ. ಡಾಕ್ಟರಮ್ಮ ಸುಮ್ಮನೆ 'ದೊಡ್ಡಾಸ್ಪತ್ರೆಗೆ ಹೋಗಿ' ಅಂತ ಕಳಿಸಲಿಲ್ಲ, ತಾವೇ ನಾಲ್ಕೈದು ಕಡೆ ಫೋನ್ ಮಾಡಿದರು.

ಆಮೇಲೆ ಶುರುವಾಯ್ತು ಹುಡುಕಾಟ. ನಾನು ಬೆಂಗಳೂರಿನಲ್ಲಿ ಕ್ಯೂಬಿಕಲ್ಲಿನಲ್ಲಿ ಕೂತು ಫೋನ್ ಮಾಡ್ತಾ ಇದ್ದೆ, ತಮ್ಮ ಆಂಬುಲೆನ್ಸಿನಲ್ಲಿ. ಹತ್ತಿರದ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಯವರು, "ಕಿಡ್ನಿ ಡಾಕ್ಟ್ರು ಮಂಗಳವಾರ, ಶನಿವಾರ ಮಾತ್ರ ಬರ್ತಾರೆ" ಅಂದರು. ಅವತ್ತು ಗುರುವಾರ. ಇನ್ನೊಂದು ಕಡೆ ಯಂತ್ರ ಇದೆ, ಆದರೆ ಹಾವು ಕಡಿದವರನ್ನ ತಗೊಳ್ಳಲ್ಲ. ರಾತ್ರಿ ಹತ್ತಕ್ಕೆ ಪಕ್ಕದ ಜಿಲ್ಲೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಜಾಗ ಸಿಕ್ತು. ಪೊಟ್ಯಾಸಿಯಂ ಅಷ್ಟರಲ್ಲೇ ಅಪಾಯದ ಮಟ್ಟಕ್ಕೆ ಏರಿತ್ತು (ಕಿಡ್ನಿ ನಿಂತವರ ಹೃದಯ ಇದ್ದಕ್ಕಿದ್ದಂತೆ ನಿಲ್ಲೋದು ಇದರಿಂದಲೇ). ಆ ರಾತ್ರಿಯೇ ಮೊದಲ ಡಯಾಲಿಸಿಸ್. ಒಟ್ಟು ಏಳು ಆಯ್ತು. ಮೂರನೇ ವಾರ ಒಂದು ಬೆಳಿಗ್ಗೆ ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ಇದ್ದಾಗ ಚಿಕ್ಕಮ್ಮನ ಫೋನು: "ಕೇಳಿಲ್ಲಿ, ಇವತ್ತು ಮುಕ್ಕಾಲು ಲೀಟರ್!" ನಮ್ಮ ವಂಶದಲ್ಲಿ ಮೂತ್ರದ ಸುದ್ದಿಗೆ ಯಾರಾದರೂ ಇಷ್ಟು ಸಂತೋಷಪಟ್ಟಿದ್ದರೆ ಅದೇ ಮೊದಲು. ಚಿಕ್ಕಪ್ಪ ಈಗ ಮಾತ್ರೆ ತಗೊಳ್ಳೋದು ಬಿ.ಪಿ.ಗೆ ಮಾತ್ರ. ಆದರೆ ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ತಪ್ಪಿಸೋ ಹಾಗಿಲ್ಲ, ಒಮ್ಮೆ ಪೆಟ್ಟು ತಿಂದ ಕಿಡ್ನಿ ಮುಂದೆ ನಿಧಾನವಾಗಿ ಕೆಡೋ ಸಾಧ್ಯತೆ ಹೆಚ್ಚು.

ನಾವು ಆ ಮಧ್ಯಾಹ್ನವೆಲ್ಲ ಫೋನಿನಲ್ಲಿ 'ನೆಫ್ರಾಲಜಿಸ್ಟ್ ಇದಾರಾ?' ಅಂತಲೇ ಕೇಳ್ತಿದ್ದೆವು. ಈ ಇತಿಹಾಸವೆಲ್ಲ ಓದಿದ ಮೇಲೆ ಅನ್ನಿಸ್ತಿದೆ, ಚಿಕ್ಕಪ್ಪನ ಕಿಡ್ನಿ ಡಾಕ್ಟ್ರು ಅಷ್ಟೊತ್ತಿಗಾಗಲೇ ಸಿಕ್ಕಿದ್ದರು, ಜಗ್ಗು ಕೊಟ್ಟಿದ್ದರು. ಈಗಿನ ಅಂತರರಾಷ್ಟ್ರೀಯ ವ್ಯಾಖ್ಯೆಯೂ ಅದನ್ನೇ ಹೇಳುತ್ತೆ: ಆರು ಗಂಟೆ ಕಾಲ, ಪ್ರತಿ ಕೆ.ಜಿ. ತೂಕಕ್ಕೆ ಗಂಟೆಗೆ ಅರ್ಧ ಎಂ.ಎಲ್.ಗಿಂತ ಕಡಿಮೆ ಮೂತ್ರ ಬಂದರೆ ಅದು ಅಕ್ಯೂಟ್ ಕಿಡ್ನಿ ಇಂಜುರಿ. ಅರವತ್ತು ಕೆ.ಜಿ. ಮನುಷ್ಯನಿಗೆ ಆರು ಗಂಟೆಗೆ 180 ಎಂ.ಎಲ್. ರಕ್ತದ ಕ್ರಿಯಾಟಿನಿನ್ ಏರೋದು ಕಿಡ್ನಿ ನಿಂತ ಎಷ್ಟೋ ಹೊತ್ತಿನ ಮೇಲೆ.

2013ರಲ್ಲಿ ಅಂತರರಾಷ್ಟ್ರೀಯ ಸಂಘ 2025ರೊಳಗೆ ಚಿಕಿತ್ಸೆ ಸಿಗದೆ ಈ ಕಾಯಿಲೆಯಿಂದ ಯಾರೂ ಸಾಯಬಾರದು ಅಂತ ಒಂದು ಗುರಿ ಇಟ್ಟುಕೊಂಡಿತ್ತು. ಆ ಗಡುವು ಬಂದಿದ್ದೂ ಆಯ್ತು, ಗುರಿ ಮುಟ್ಟಲಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರೇ ವರ್ಷಕ್ಕೆ ಸರಾಸರಿ 58,000 ಅಂತ ಒಂದು ಅಂದಾಜು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಒಳ್ಳೇ ಕೆಲಸ. 2016ರ ಕೇಂದ್ರ ಯೋಜನೆಯ ನಂತರ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರಗಳು ಹೆಚ್ಚಿವೆ, ನಮ್ಮಲ್ಲಿ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೂ ಇವೆ. ಆದರೆ ಅವು ಹೆಚ್ಚಾಗಿ ವಾರಕ್ಕೆ ಎರಡು ಮೂರು ಸಲ ತಪ್ಪದೆ ಬರೋ ದೀರ್ಘಕಾಲದ ರೋಗಿಗಳಿಗೆ ಅಂತ ಟೈಮ್‌ಟೇಬಲ್ ಹಾಕಿ ನಡೆಯೋವು. ರಾತ್ರಿ ಹತ್ತಕ್ಕೆ ಬಂದ ಹೊಸ ಪೇಷಂಟಿನ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕೋರು ಯಾರು, ಪೊಟ್ಯಾಸಿಯಂ ರಿಪೋರ್ಟು ಆ ಹೊತ್ತಲ್ಲಿ ಬರುತ್ತಾ, ಹಾವು ಕಡಿದವರನ್ನ ತಗೊಳ್ತೀರಾ, ಇಲ್ಲದಿದ್ದರೆ ಯಾವ ಊರಿಗೆ ಕಳಿಸ್ತೀರಿ, ನೀವೇ ಅಲ್ಲಿಗೆ ಫೋನ್ ಮಾಡ್ತೀರಾ... ಇವನ್ನ ನಿಮ್ಮೂರಿನ ಆಸ್ಪತ್ರೆಯಲ್ಲಿ ಆರಾಮಾಗಿರೋ ಒಂದು ದಿನ ಹೋಗಿ ಕೇಳಿಟ್ಟುಕೊಳ್ಳಿ. ನಮ್ಮ ತಮ್ಮ ಹೀಗೆ ಕೇಳಿ ತಂದ ನಂಬರುಗಳು ಈಗ ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿವೆ, ಪಕ್ಕದ ನಾಲ್ಕು ಮನೆಯವರೂ ನಕಲು ಮಾಡ್ಕೊಂಡು ಹೋಗಿದ್ದಾರೆ.

ಅಂದ ಹಾಗೆ, 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನೋ ಡಾಕ್ಟರು ಪ್ರತಿ ಸಲ ರಕ್ತನಾಳ ಕೊಯ್ಯೋ ಕಷ್ಟ ತಪ್ಪಿಸಿದ್ದು, ಯಂತ್ರ ಸಾಲದೆ ಯಾರಿಗೆ ಡಯಾಲಿಸಿಸ್ ಕೊಡಬೇಕು ಅಂತ ತೀರ್ಮಾನಿಸೋಕೆ ಊರಿನ ಜನರದ್ದೇ ಒಂದು ಸಮಿತಿ ಕೂತದ್ದು, ಅದು ಇನ್ನೊಂದು ದೊಡ್ಡ ಕಥೆ. ಮುಂದಿನ ರಿಲೀಸ್ ಮುಗಿದಮೇಲೆ ಬರೀತೀನಿ.